ಮೂರನೆಯ ಸ್ಥಾನ ಯಾರಿಗೆ? ಫಿಗರ್ ಸ್ಕೇಟಿಂಗ್ ತಂಡದ ಆಯ್ಕೆಯನ್ನು ಕುರಿತ ಸಂವಾದ

ಮಂಜುಗಡ್ಡೆಯ ಅಂಕಣದ ಮೇಲೆ ಸಂಗೀತಕ್ಕೆ ಹೊಂದುವಂತೆ ಜಿಗಿತ, ಗಿರಕಿ ಮತ್ತು ಪಾದವಿನ್ಯಾಸಗಳನ್ನು ಹೆಣೆದು ಪ್ರದರ್ಶಿಸುವ ಫಿಗರ್ ಸ್ಕೇಟಿಂಗ್‌ನಲ್ಲಿ ಪುರುಷರ ಅಥವಾ ಮಹಿಳೆಯರ ವಿಭಾಗಕ್ಕೆ ಒಂದು ದೇಶ ಒಲಿಂಪಿಕ್ಸ್‌ನಲ್ಲಿ ಹೆಚ್ಚೆಂದರೆ 3 ಸ್ಪರ್ಧಿಗಳನ್ನು ಇಳಿಸಬಹುದು. ಆ ಮೂರರಲ್ಲಿ ಎಷ್ಟು ದಕ್ಕುತ್ತವೆ ಎಂಬುದನ್ನು ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಬಹುಮಟ್ಟಿಗೆ ನಿರ್ಧರಿಸುತ್ತದೆ: ಅಲ್ಲಿ ಒಂದು ದೇಶದ ಇಬ್ಬರು ಉತ್ತಮ ಸ್ಪರ್ಧಿಗಳ ಸ್ಥಾನಗಳನ್ನು ಕೂಡಿದಾಗ ಮೊತ್ತ 13 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 3 ಸ್ಥಾನ, 28ರವರೆಗೆ ಇದ್ದರೆ 2 ಸ್ಥಾನ ದೊರೆಯುತ್ತವೆ. ಹೀಗೆ ದೊರೆತ ಸ್ಥಾನಗಳಿಗೆ ‘ಕೋಟಾ’ ಎಂದು ಹೆಸರು. ಕೋಟಾ ಸೇರುವುದು ದೇಶಕ್ಕೇ ಹೊರತು ಅದನ್ನು ಗಳಿಸಿಕೊಟ್ಟ ವ್ಯಕ್ತಿಗಲ್ಲವಾದ್ದರಿಂದ, ಯಾರನ್ನು ಕಳುಹಿಸಬೇಕು ಎಂಬ ತೀರ್ಮಾನ ಆಯಾ ದೇಶದ ಸ್ಕೇಟಿಂಗ್ ಒಕ್ಕೂಟದ ಕೈಯಲ್ಲಿ ಉಳಿಯುತ್ತದೆ. ಅರ್ಹರು ಐದಾರು ಮಂದಿಯಿದ್ದು ಸ್ಥಾನಗಳು ಮೂರೋ ಎರಡೋ ಒಂದೋ ಇರುವ ಅಮೆರಿಕ, ಜಪಾನ್, ರಷ್ಯಾಗಳಂಥ ದೇಶಗಳಲ್ಲಿ ಈ ತೀರ್ಮಾನ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಯಾರದೋ ಬಾಳಿನ ದಾರಿಯನ್ನೇ ಬದಲಿಸುತ್ತದೆ. ಆ ತೀರ್ಮಾನ ಯಾವ ಆಧಾರದ ಮೇಲೆ ನಡೆಯಬೇಕು ಎಂಬುದನ್ನು ಕುರಿತ ಇಬ್ಬರ ವಾದ ಇಲ್ಲಿದೆ. ಒಬ್ಬರು ವಯಸ್ಸಿನಲ್ಲಿ ಹಿರಿಯರು, ಸಮಿತಿಗಳ ವಿವೇಚನಾಧಿಕಾರವನ್ನು ಸಂದೇಹದಿಂದ ನೋಡುವವರು. ಇನ್ನೊಬ್ಬರು ಕಿರಿಯರು, ಅಂಕಿಅಂಶಗಳ ಅಭ್ಯಾಸಿ, ಒಂದೇ ಸ್ಪರ್ಧೆಯ ಫಲಿತಾಂಶವನ್ನು ಅಷ್ಟಾಗಿ ನಂಬದವರು.

ಹಿರಿಯರು: ಈ ಪ್ರಶ್ನೆಯನ್ನು ಎತ್ತಿದವರು ಮೊದಲು 2014ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ನಡೆದದ್ದಕ್ಕೆ ಉತ್ತರ ಹೇಳಬೇಕು. ಅಮೆರಿಕಕ್ಕೆ ಮಹಿಳಾ ವಿಭಾಗದಲ್ಲಿ 3 ಸ್ಥಾನಗಳಿದ್ದವು. ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಗ್ರೇಸಿ ಗೋಲ್ಡ್ ಮೊದಲನೆಯವರಾಗಿ, ಪೊಲಿನಾ ಎಡ್ಮಂಡ್ಸ್ ಎರಡನೆಯವರಾಗಿ, ಮಿರಾಯ್ ನಗಾಸು ಮೂರನೆಯವರಾಗಿ ಬಂದರು. ಹಿಂದಿನ ಎರಡು ವರ್ಷಗಳ ಚಾಂಪಿಯನ್ ಆಶ್ಲಿ ವ್ಯಾಗ್ನರ್ ಫ್ರೀ ಸ್ಕೇಟ್ ಎಂಬ ಎರಡನೆಯ ಪ್ರದರ್ಶನದಲ್ಲಿ ಎರಡು ಬಾರಿ ಬಿದ್ದು, ನಗಾಸು ಅವರಿಗಿಂತ ಸುಮಾರು 8 ಅಂಕ ಹಿಂದುಳಿದು ನಾಲ್ಕನೆಯವರಾದರು. ಮರುದಿನ ಪ್ರಕಟವಾದ ತಂಡದಲ್ಲಿ ಗೋಲ್ಡ್, ಎಡ್ಮಂಡ್ಸ್, ವ್ಯಾಗ್ನರ್ ಇದ್ದರು, ನಗಾಸು ಇರಲಿಲ್ಲ. ಅದಕ್ಕೂ ಮುಂಚೆ ಇಂಥ ಬದಲಾವಣೆಗಳು ಆಗಿದ್ದುದು ಗಾಯಗೊಂಡು ಸ್ಪರ್ಧಿಸಲಾಗದವರ ಸಲುವಾಗಿ. ಇಲ್ಲಿ ಇಬ್ಬರೂ ಆರೋಗ್ಯವಾಗಿದ್ದರು, ಒಂದೇ ಅಂಕಣದ ಮೇಲೆ, ಒಂದೇ ತೀರ್ಪುಗಾರರ ಮುಂದೆ ಸ್ಪರ್ಧಿಸಿದ್ದರು, ಒಬ್ಬರು ಇನ್ನೊಬ್ಬರನ್ನು ಸೋಲಿಸಿದ್ದರು. ಸೋತವರನ್ನು ಕಳುಹಿಸುವುದಾದರೆ ಆ ಸ್ಪರ್ಧೆಯನ್ನು ನಡೆಸಿದ ಉದ್ದೇಶವಾದರೂ ಏನು?

ಕಿರಿಯರು: ಆ ಸ್ಪರ್ಧೆಯೊಂದೇ ತಂಡವನ್ನು ಆರಿಸುತ್ತದೆ ಎಂದು ಅಮೆರಿಕದ ಒಕ್ಕೂಟ ಎಂದೂ ಹೇಳಿರಲಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಒಂದು ಮುಖ್ಯ ಅಂಶ, ಅದರೊಂದಿಗೆ ಹಿಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳನ್ನೂ ತೂಗಿ ನೋಡಲಾಗುವುದು ಎಂಬುದು ಮೊದಲೇ ಇದ್ದ ನಿಯಮ. ಆ ತೂಕದಲ್ಲಿ ವ್ಯಾಗ್ನರ್ ಅವರಿಗೆ ಸಾಟಿ ಇರಲಿಲ್ಲ. 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರದು 5ನೆಯ ಸ್ಥಾನ, ಗೋಲ್ಡ್ ಅವರದು 6ನೆಯದು. ಎರಡನ್ನೂ ಕೂಡಿದರೆ 11. ಅಮೆರಿಕಕ್ಕೆ ಮೂರನೆಯ ಸ್ಥಾನ ಎಂಬುದೊಂದು ಇದ್ದುದೇ ಆ 11ರಿಂದ. ಅದರ ಮೇಲೆ ಬಾಸ್ಟನ್‌ಗೆ ಒಂದು ತಿಂಗಳ ಹಿಂದಷ್ಟೇ, ಋತುವಿನ ಆರು ಶ್ರೇಷ್ಠ ಸ್ಪರ್ಧಿಗಳು ಮಾತ್ರ ಸೇರುವ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಅವರು ಕಂಚು ಗೆದ್ದಿದ್ದರು. ಎರಡು ವರ್ಷ ಜಗತ್ತಿನ ಅಗ್ರರ ನಡುವೆ ನಿಂತವರನ್ನು ಒಂದು ಸಂಜೆಯ ಎರಡು ಬೀಳುವಿಕೆಗಳ ಕಾರಣಕ್ಕೆ ಮನೆಯಲ್ಲಿ ಕೂರಿಸುವುದು ನ್ಯಾಯವೆನಿಸುವುದಾದರೆ ಆ ನ್ಯಾಯದ ದೃಷ್ಟಿ ಬಹಳ ಕಿರಿದು.

ಹಿರಿಯರು: ಸಾಧನೆಯ ಒಟ್ಟು ದಾಖಲೆಯೇ ಅಳತೆಗೋಲಾಗಿದ್ದರೆ ಆ ಅಳತೆ ಎಡ್ಮಂಡ್ಸ್ ಅವರಿಗೂ ತಾಗಬೇಕಿತ್ತು. ಆಗ 15 ವರ್ಷದವರಾಗಿದ್ದ ಅವರು ಹಿರಿಯರ ವಿಭಾಗದ ಒಂದೇ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಭಾಗವಹಿಸಿರಲಿಲ್ಲ, ಸೋಚಿ ಒಲಿಂಪಿಕ್ಸೇ ಅವರಿಗೆ ಮೊದಲನೆಯದಾಯಿತು. ಅವರ ಸ್ಥಾನ ಬಂದದ್ದು ಬಾಸ್ಟನ್‌ನ ಎರಡು ಪ್ರದರ್ಶನಗಳಿಂದ. ಅದೇ ಬಾಸ್ಟನ್ ನಗಾಸು ಅವರ ಪಾಲಿಗೆ ಲೆಕ್ಕಕ್ಕೆ ಬರಲಿಲ್ಲ, ಅವರು 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ 4ನೆಯವರಾಗಿದ್ದುದೂ ಲೆಕ್ಕಕ್ಕೆ ಬರಲಿಲ್ಲ. ಒಂದೇ ತಂಡದಲ್ಲಿ ಒಬ್ಬರನ್ನು ಸ್ಪರ್ಧೆಯಿಂದ, ಇನ್ನೊಬ್ಬರನ್ನು ದಾಖಲೆಯಿಂದ ಆರಿಸಿ, ಮೂರನೆಯವರನ್ನು ಎರಡರಿಂದಲೂ ಹೊರಗಿಟ್ಟಾಗ ಮಾನದಂಡ ಒಂದಿತ್ತು ಎನ್ನಲು ಸಾಧ್ಯವೇ?

ಈ ಪ್ರಶ್ನೆಗೆ ಕಿರಿಯರಲ್ಲಿ ನೇರ ಉತ್ತರವಿರಲಿಲ್ಲ. ಎರಡನೆಯ ಸ್ಥಾನ ಮೂರನೆಯದಕ್ಕಿಂತ ಗಟ್ಟಿ ಎಂಬ ವಿವರಣೆ ದುರ್ಬಲವೆಂಬುದನ್ನು ಒಪ್ಪಿಕೊಂಡ ಅವರು ಚರ್ಚೆಯನ್ನು ಸ್ಪರ್ಧೆಯ ಸ್ವರೂಪದತ್ತ ತಿರುಗಿಸಿದರು. ಅಲ್ಲಿ ಅವರ ನೆಲೆ ಗಟ್ಟಿಯಾಗಿತ್ತು.

ಕಿರಿಯರು: ಓಟದಲ್ಲಿ ಗಡಿಯಾರವಿದೆ, ಈಜಿನಲ್ಲಿ ಗೋಡೆ ಮುಟ್ಟಿದ ಕ್ಷಣವಿದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಅಳೆಯುವವರು ಮನುಷ್ಯರು. ಒಬ್ಬ ಸ್ಪರ್ಧಿ ಎರಡು ಪ್ರದರ್ಶನ ನೀಡಬೇಕು: ನಿಗದಿತ ಅಂಶಗಳನ್ನು ಒಳಗೊಂಡ ಕಿರು ಪ್ರದರ್ಶನವಾದ ಶಾರ್ಟ್ ಪ್ರೋಗ್ರಾಂ, ಹೆಚ್ಚು ಸ್ವಾತಂತ್ರ್ಯವಿರುವ ಫ್ರೀ ಸ್ಕೇಟ್, ಎರಡೂ ಸೇರಿ ಸುಮಾರು 7 ನಿಮಿಷ. ಪ್ರತಿಯೊಂದು ಜಿಗಿತಕ್ಕೂ ನಿಗದಿತ ಮೂಲ ಮೌಲ್ಯವಿದ್ದರೂ ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ತೀರ್ಪುಗಾರರು ಅಂಕ ಕೂಡಿಸುತ್ತಾರೆ ಇಲ್ಲವೇ ಕಳೆಯುತ್ತಾರೆ. ಗಾಳಿಯಲ್ಲಿ ಸುತ್ತು ಪೂರ್ತಿಯಾಯಿತೇ ಎಂಬುದನ್ನು ತಾಂತ್ರಿಕ ಸಮಿತಿ ತೀರ್ಮಾನಿಸುತ್ತದೆ. ಸ್ಕೇಟಿಂಗ್ ಕೌಶಲ, ಸಂಯೋಜನೆ, ಪ್ರಸ್ತುತಿಗಳಿಗೆ ‘ಕಾಂಪೊನೆಂಟ್’ ಎಂಬ ಬೇರೆ ಅಂಕಗಳಿವೆ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯ ತೀರ್ಪಿನ ಹಗರಣದ ನಂತರ ಹಳೆಯ 6.0 ಪದ್ಧತಿಯನ್ನು ಕೈಬಿಟ್ಟು ಈ ವಿವರವಾದ ಪದ್ಧತಿಯನ್ನು ತಂದರೂ ಮನುಷ್ಯರ ಅಭಿಪ್ರಾಯವನ್ನು ಅದು ತೆಗೆದುಹಾಕಲಿಲ್ಲ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ತೀರ್ಪುಗಾರರೆಲ್ಲ ಆ ದೇಶದವರೇ ಆಗಿರುವುದರಿಂದ ಅಲ್ಲಿ ಬಂದ ಅಂಕವನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ತನ್ನ ದಾಖಲೆಗೆ ಸೇರಿಸಿಕೊಳ್ಳುವುದೂ ಇಲ್ಲ. ಇಷ್ಟು ಅಲುಗಾಡುವ ಅಳತೆಯನ್ನು ಒಮ್ಮೆ ಮಾತ್ರ ತೆಗೆದುಕೊಂಡು ನಾಲ್ಕು ವರ್ಷದ ತೀರ್ಮಾನ ಮಾಡುವುದಕ್ಕಿಂತ ಹತ್ತು ಸ್ಪರ್ಧೆಗಳ, ಹತ್ತು ದೇಶಗಳ ತೀರ್ಪುಗಾರರ ಅಳತೆಗಳನ್ನು ಒಟ್ಟುಗೂಡಿಸಿ ನೋಡುವುದು ಹೆಚ್ಚು ನಂಬಲರ್ಹ. ವರ್ಷವಿಡೀ ಚೆನ್ನಾಗಿ ಓದಿದ ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಜ್ವರದಿಂದ ಬಳಲಿ ಅಂಕ ಕಳೆದುಕೊಂಡರೆ ಅವನ ತಿಳಿವಳಿಕೆ ಅಷ್ಟೇ ಎಂದು ಯಾವ ಮೇಷ್ಟರೂ ತೀರ್ಮಾನಿಸುವುದಿಲ್ಲ.

ಹಿರಿಯರು: ಹಾಗೆ ತೀರ್ಮಾನಿಸದ ಮೇಷ್ಟರೂ ಅಂಕಪಟ್ಟಿಯನ್ನು ತಿದ್ದುವುದಿಲ್ಲ, ಏಕೆಂದರೆ ತನ್ನ ಅಚ್ಚುಮೆಚ್ಚಿನ ವಿದ್ಯಾರ್ಥಿಗೆ ಜ್ವರವೂ ಉಳಿದವರಿಗೆ ಸೋಮಾರಿತನವೂ ಕಾರಣವಾಗಿ ಕಾಣುವ ಅಪಾಯ ಆ ಸ್ಥಾನದಲ್ಲಿ ಯಾರಿಗೂ ತಪ್ಪಿದ್ದಲ್ಲ. ಇನ್ನು ಹತ್ತು ಸ್ಪರ್ಧೆಗಳ ಮಾತು. ಆ ಹತ್ತು ಸ್ಪರ್ಧೆಗಳಿಗೆ ಯಾರನ್ನು ಕಳುಹಿಸಲಾಯಿತು, ಯಾರು ಕಳುಹಿಸಿದರು ಎಂದು ಕೇಳಬೇಡವೇ? ಗ್ರ್ಯಾನ್ ಪ್ರಿ ಸರಣಿಯ ಸ್ಪರ್ಧೆಗಳಿಗೆ ಹಂಚಿಕೆ ಆಗುವುದು ಹಿಂದಿನ ಸ್ಥಾನ ಮತ್ತು ಶ್ರೇಯಾಂಕಗಳ ಮೇಲೆ. ಆತಿಥೇಯ ದೇಶ ತನ್ನ ಪಾಲಿನ ಸ್ಪರ್ಧಿಗಳನ್ನು ತಾನೇ ಆರಿಸುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ಗೆ ಹೆಸರು ಕಳುಹಿಸುವುದು ಒಕ್ಕೂಟವೇ. ಹೀಗಿರುವಾಗ ಸಾಧನೆಯ ದಾಖಲೆ ಎಂಬುದು ಅವಕಾಶಗಳ ದಾಖಲೆಯೂ ಆಗಿರುತ್ತದೆ. ಒಮ್ಮೆ ಒಳಗೆ ಬಂದವರಿಗೆ ಮುಂದಿನ ಬಾಗಿಲು ಸುಲಭವಾಗಿ ತೆರೆಯುತ್ತದೆ, ಹೊರಗಿದ್ದವರು ಹೊರಗಿದ್ದಾರೆ ಎಂಬುದೇ ಅವರ ವಿರುದ್ಧದ ಸಾಕ್ಷ್ಯವಾಗುತ್ತದೆ. ಹೆಸರಿಲ್ಲದವರು ಹೆಸರುಳ್ಳವರನ್ನು ಎಲ್ಲರ ಕಣ್ಣೆದುರು ಸೋಲಿಸಬಹುದಾದ ಏಕೈಕ ಜಾಗ ರಾಷ್ಟ್ರೀಯ ಸ್ಪರ್ಧೆ. ಅದರ ತೀರ್ಪನ್ನು ಸಮಿತಿಯ ಕೋಣೆಯಲ್ಲಿ ಬದಲಿಸಿದರೆ ಅವರಿಗೆ ಉಳಿಯುವ ದಾರಿ ಯಾವುದು?

ಕಿರಿಯರು: ಈ ಮಾತಿನಲ್ಲಿ ಸತ್ಯವಿದೆ. ಆದರೂ ಹೆಸರಿಲ್ಲದವರ ಪರವಾಗಿ ಹೇಳುವ ಈ ವಾದ ಅವರನ್ನು ಕಳುಹಿಸುವುದರ ಪರಿಣಾಮವನ್ನು ಎದುರಿಸುವುದಿಲ್ಲ. ಒಲಿಂಪಿಕ್ಸ್ ಸ್ಥಾನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದವರಿಗೆ ಕೊಡುವ ಬಹುಮಾನವಲ್ಲ, ದೇಶದ ಪರವಾಗಿ ವಹಿಸುವ ಒಂದು ಹೊಣೆ. ವಿಶ್ವ ಚಾಂಪಿಯನ್‌ಷಿಪ್‌ಗೆ ಕಳುಹಿಸುವಾಗಲಂತೂ ಆ ಸ್ಪರ್ಧಿಯ ಸ್ಥಾನ ಮುಂದಿನ ವರ್ಷ ಇತರರಿಗೆ ಎಷ್ಟು ಕೋಟಾ ಉಳಿಯುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ. 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಷ್ಯಾದ ಯುವಕ ಮ್ಯಾಕ್ಸಿಂ ಕೋವ್ತುನ್ 17ನೆಯವರಾದದ್ದರಿಂದ, ತನ್ನದೇ ನೆಲದಲ್ಲಿ ನಡೆದ ಸೋಚಿ ಒಲಿಂಪಿಕ್ಸ್‌ನ ಪುರುಷರ ವಿಭಾಗದಲ್ಲಿ ಆ ದೇಶಕ್ಕೆ ಒಂದೇ ಸ್ಥಾನ ಉಳಿಯಿತು. ಒಬ್ಬರ ಆಯ್ಕೆಯಿಂದ ಮುಂದೆ ಇಬ್ಬರ ಅವಕಾಶ ಹೋಗಬಹುದಾದಾಗ, ಯಾರು ಹೆಚ್ಚು ಭರವಸೆಯವರು ಎಂದು ಕೇಳುವ ಹಕ್ಕು ಒಕ್ಕೂಟಕ್ಕೆ ಇದ್ದೇ ಇದೆ.

ಹಿರಿಯರು: ಸೋಚಿಯ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲ. ಆ ಒಂದೇ ಸ್ಥಾನಕ್ಕಾಗಿ 2013ರ ಡಿಸೆಂಬರ್‌ನಲ್ಲಿ ನಡೆದ ರಷ್ಯಾದ ರಾಷ್ಟ್ರೀಯ ಸ್ಪರ್ಧೆಯಲ್ಲಿ 18 ವರ್ಷದ ಅದೇ ಕೋವ್ತುನ್ ಗೆದ್ದರು, 2006ರ ಒಲಿಂಪಿಕ್ ಚಾಂಪಿಯನ್ ಎವ್ಗೆನಿ ಪ್ಲುಶೆಂಕೊ ಎರಡನೆಯವರಾದರು. ಆಮೇಲೆ ಪ್ಲುಶೆಂಕೊ ಒಕ್ಕೂಟದ ಅಧಿಕಾರಿಗಳ ಎದುರು ಮುಚ್ಚಿದ ಬಾಗಿಲ ಹಿಂದೆ ಒಂದು ಪರೀಕ್ಷಾ ಪ್ರದರ್ಶನ ನೀಡಿದರು, ಸ್ಥಾನ ಅವರದಾಯಿತು. ಸಾರ್ವಜನಿಕರು ನೋಡದ ಒಂದು ಪ್ರದರ್ಶನ, ಸಾರ್ವಜನಿಕರೆಲ್ಲ ನೋಡಿದ ಒಂದು ಫಲಿತಾಂಶವನ್ನು ಅಳಿಸಿಹಾಕಿತು. 2014ರ ಫೆಬ್ರುವರಿ 13ರಂದು, ಪುರುಷರ ಶಾರ್ಟ್ ಪ್ರೋಗ್ರಾಂಗೆ ಅಂಕಣಕ್ಕೆ ಇಳಿದು ಅಭ್ಯಾಸ ಮಾಡುತ್ತಿದ್ದಾಗಲೇ ಬೆನ್ನುನೋವಿನಿಂದ ಪ್ಲುಶೆಂಕೊ ಹಿಂದೆ ಸರಿದರು. ಬದಲಿ ಸ್ಪರ್ಧಿಯನ್ನು ಇಳಿಸುವ ಕಾಲ ಮೀರಿತ್ತು. ಆತಿಥೇಯ ದೇಶದ ಪರವಾಗಿ ಆ ವಿಭಾಗದಲ್ಲಿ ಒಬ್ಬರೂ ಇರಲಿಲ್ಲ. ಅದಾದ ತಿಂಗಳ ನಂತರ ಜಪಾನಿನ ಸೈತಾಮದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೋವ್ತುನ್ 4ನೆಯವರಾದರು.

ಕಿರಿಯರು: ಅದೇ ಪ್ಲುಶೆಂಕೊ ಕೆಲವು ದಿನ ಮೊದಲು, ಆ ವರ್ಷ ಮೊದಲ ಬಾರಿಗೆ ನಡೆದ ತಂಡ ಸ್ಪರ್ಧೆಯಲ್ಲಿ ಎರಡೂ ಪ್ರದರ್ಶನಗಳನ್ನು ನೀಡಿ ರಷ್ಯಾಕ್ಕೆ ಚಿನ್ನ ಗಳಿಸಿಕೊಡುವಲ್ಲಿ ದೊಡ್ಡ ಪಾಲು ಪಡೆದದ್ದನ್ನೂ ಹೇಳಬೇಕು. ರಾಷ್ಟ್ರೀಯ ಸ್ಪರ್ಧೆಯ ನಂತರದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕೋವ್ತುನ್ 5ನೆಯವರಾಗಿದ್ದರು, ಅವರ ಬಗೆಗಿನ ಅನುಮಾನಕ್ಕೆ ಆಧಾರವಿಲ್ಲದಿರಲಿಲ್ಲ. ಒಂದೇ ಆಯ್ಕೆ ಒಂದು ಚಿನ್ನವನ್ನೂ ಒಂದು ಖಾಲಿ ಸ್ಥಾನವನ್ನೂ ತಂದಿತು. ಫಲವನ್ನೇ ಪ್ರಮಾಣವಾಗಿ ಹಿಡಿದರೆ ಇಬ್ಬರ ವಾದಕ್ಕೂ ಸಾಕಷ್ಟು ಸಾಮಗ್ರಿ ಸಿಗುತ್ತದೆ.

ಚರ್ಚೆಯ ತಿರುಳು ಇರುವುದು ಇಲ್ಲಿಯೇ. ಆಯ್ಕೆ ನ್ಯಾಯವಾಗಿತ್ತೇ ಎಂಬ ಪ್ರಶ್ನೆಗೆ ಒಲಿಂಪಿಕ್ಸ್ ಮುಗಿದ ಮೇಲೆ ಪದಕಪಟ್ಟಿಯನ್ನು ನೋಡಿ ಉತ್ತರಿಸುವ ಅಭ್ಯಾಸ ಕ್ರೀಡಾಭಿಮಾನಿಗಳಲ್ಲೂ ಒಕ್ಕೂಟಗಳಲ್ಲೂ ಬೇರೂರಿದೆ. ಆಯ್ಕೆಯ ದಿನ ಆ ಪದಕಪಟ್ಟಿ ಯಾರ ಕೈಯಲ್ಲೂ ಇರಲಿಲ್ಲವಾದ್ದರಿಂದ, ಆ ದಿನ ತಿಳಿದಿದ್ದಷ್ಟರಿಂದಲೇ ತೀರ್ಮಾನವನ್ನು ಅಳೆಯಬೇಕಾಗುತ್ತದೆ. ಇಬ್ಬರೂ ಇದನ್ನು ಒಪ್ಪಿದರೂ ಅದರಿಂದ ತೆಗೆದ ನಿರ್ಣಯಗಳು ಬೇರೆಯಾದವು.

ಹಿರಿಯರು: ಫಲ ಪ್ರಮಾಣವಲ್ಲವೆಂದಾದರೆ ‘ಪದಕದ ಸಾಧ್ಯತೆ’ ಎಂಬ ಸಮಿತಿಯ ಆಧಾರವೂ ಕುಸಿಯುತ್ತದೆ. 1992ರಲ್ಲಿ ಪಾಲ್ ವೈಲಿ ಅವರಿಂದ ಯಾರೂ ಪದಕ ನಿರೀಕ್ಷಿಸಿರಲಿಲ್ಲ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯವರಾಗಿದ್ದರಿಂದ ಅವರು ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ಗೆ ಹೋದರು, ಬೆಳ್ಳಿಯೊಂದಿಗೆ ಮರಳಿದರು. ಭವಿಷ್ಯವನ್ನು ಊಹಿಸಬಲ್ಲೆವೆಂದು ಹೊರಟ ಸಮಿತಿಗೆ ವೈಲಿಯಂಥವರು ಕಾಣಿಸುವುದೇ ಇಲ್ಲ. ಅಮೆರಿಕದ ಅಥ್ಲೆಟಿಕ್ಸ್ ತಂಡವನ್ನು ನೋಡಬೇಕು: ಅಲ್ಲಿ ಟ್ರಯಲ್ಸ್, ಅಂದರೆ ಆಯ್ಕೆಗೆಂದೇ ನಡೆಸುವ ಸ್ಪರ್ಧೆಯಲ್ಲಿ ಮೊದಲ ಮೂವರಲ್ಲಿ ಬರಬೇಕು, ಬರದಿದ್ದರೆ ಇಲ್ಲ. 1991ರ ಡೆಕಾಥ್ಲಾನ್ ವಿಶ್ವ ಚಾಂಪಿಯನ್ ಡ್ಯಾನ್ ಒಬ್ರಿಯನ್ 1992ರ ಟ್ರಯಲ್ಸ್‌ನ ಪೋಲ್ ವಾಲ್ಟ್‌ನಲ್ಲಿ ಒಂದು ಎತ್ತರವನ್ನೂ ದಾಟಲಾಗದೆ ಬಾರ್ಸಿಲೋನಾದಿಂದ ಹೊರಗುಳಿದರು. ಅದೇ ವರ್ಷ ವಿಶ್ವದಾಖಲೆ ಬರೆದರು, 1996ರಲ್ಲಿ ಚಿನ್ನ ಗೆದ್ದರು. ಅವರಿಗಾದ ನಷ್ಟ ದೊಡ್ಡದು, ಆದರೆ ಅನ್ಯಾಯವಾಯಿತೆಂದು ಬೊಟ್ಟುಮಾಡಬಹುದಾದ ವ್ಯಕ್ತಿ ಯಾರೂ ಇರಲಿಲ್ಲ.

ಕಿರಿಯರು: ನಷ್ಟಕ್ಕೆ ಹೊಣೆಗಾರರಿಲ್ಲದಿರುವುದನ್ನು ನ್ಯಾಯವೆಂದು ಕರೆಯುವುದು ಕಷ್ಟ. ಆ ಟ್ರಯಲ್ಸ್‌ನಲ್ಲಿ ಅಡ್ಡಪಟ್ಟಿ ಬಿತ್ತೋ ಇಲ್ಲವೋ ಎಂಬುದಕ್ಕೆ ಎರಡು ಅಭಿಪ್ರಾಯವಿರಲಿಲ್ಲ; ಸ್ಕೇಟಿಂಗ್‌ನಲ್ಲಿ ಅಂಥ ಅಡ್ಡಪಟ್ಟಿ ಇಲ್ಲ. ಟ್ರಯಲ್ಸ್ ಒಂದೇ ಮಾರ್ಗವಾದರೆ ಗಾಯಗೊಂಡವರ ಗತಿಯೇನು? 1994ರ ಜನವರಿ 6ರಂದು ಡೆಟ್ರಾಯಿಟ್‌ನಲ್ಲಿ ಅಭ್ಯಾಸ ಮುಗಿಸಿ ಬರುತ್ತಿದ್ದ ನ್ಯಾನ್ಸಿ ಕೆರಿಗನ್ ಅವರ ಮೊಣಕಾಲ ಬಳಿಗೆ ಹೊಡೆದವನ ಕೃತ್ಯವೇ ಆಯ್ಕೆಯನ್ನು ನಿರ್ಧರಿಸಬೇಕಿತ್ತೇ? ಕೆರಿಗನ್ ಸ್ಪರ್ಧಿಸಲಾಗದ ಆ ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯವರಾಗಿದ್ದ 13 ವರ್ಷದ ಮಿಶೆಲ್ ಕ್ವಾನ್ ಅವರನ್ನು ಬದಲಿ ಸ್ಪರ್ಧಿಯಾಗಿಸಿ ಕೆರಿಗನ್ ಅವರಿಗೆ ಸ್ಥಾನ ಕೊಟ್ಟರು, ಅವರು ಲಿಲ್ಲೆಹ್ಯಾಮರ್‌ನಲ್ಲಿ ಬೆಳ್ಳಿ ಗೆದ್ದರು. 2017ರ ನವೆಂಬರ್‌ನಲ್ಲಿ ಪಾದದ ಗಂಟಿಗೆ ಪೆಟ್ಟಾಗಿ ಜಪಾನಿನ ರಾಷ್ಟ್ರೀಯ ಸ್ಪರ್ಧೆಗೆ ಬರಲಾಗದ ಯುಜುರು ಹನ್ಯೂ ಪ್ಯೊಂಗ್‌ಚಾಂಗ್‌ನಲ್ಲಿ ಎರಡನೆಯ ಬಾರಿ ಒಲಿಂಪಿಕ್ ಚಿನ್ನ ಗೆದ್ದರು. ಅವರಿಬ್ಬರನ್ನೂ ಹೊರಗಿಡುವ ನಿಯಮವನ್ನು ಯಾವ ವಿವೇಕಿಯೂ ಬರೆಯಲಾರ.

ಹಿರಿಯರು: ಗಾಯದ ವಿನಾಯಿತಿಗೆ ಆಕ್ಷೇಪವಿಲ್ಲ, ಅದನ್ನು ಪರಿಶೀಲಿಸುವ ಕ್ರಮ ನಿಯಮದಲ್ಲೇ ಇದ್ದರೆ. 2006ರಲ್ಲಿ ಗಾಯದಿಂದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾಗವಹಿಸಲಾಗದ ಕ್ವಾನ್ ಅವರ ಮನವಿಯನ್ನು ಒಪ್ಪಿದ ಒಕ್ಕೂಟ, ಐವರ ತಂಡದ ಎದುರು ಪ್ರದರ್ಶನ ನೀಡಿ ಸಿದ್ಧತೆಯನ್ನು ತೋರಿಸಬೇಕೆಂಬ ಷರತ್ತು ಹಾಕಿತು. ಅವರು ಉತ್ತೀರ್ಣರಾದರು. ಆದರೂ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಮೊದಲ ಅಭ್ಯಾಸದ ನಂತರವೇ ತೊಡೆಸಂದಿಯ ನೋವಿನಿಂದ ಹಿಂದೆ ಸರಿಯಬೇಕಾಯಿತು. ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರನೆಯವರಾಗಿದ್ದ ಎಮಿಲಿ ಹ್ಯೂಸ್ ಅಮೆರಿಕದಿಂದ ಅವಸರದಲ್ಲಿ ಹೊರಟು ಹೋಗಿ 7ನೆಯವರಾದರು. ಪರೀಕ್ಷೆ ಇದ್ದೂ ಹೀಗಾಗಬಹುದು. ಪರೀಕ್ಷೆಯೂ ಇಲ್ಲದೆ, ಗಾಯವೂ ಇಲ್ಲದೆ, ಕೇವಲ ಹೆಸರಿನ ಮೇಲೆ ಕಳುಹಿಸುವುದಕ್ಕೆ ಆಧಾರ ಎಲ್ಲಿಂದ ಬರುತ್ತದೆ?

ಕಿರಿಯರು: ಹೆಸರಿನ ಮೇಲಲ್ಲ, ಲಿಖಿತ ಅಂಶಗಳ ಮೇಲೆ. ಜಪಾನ್ ಅದಕ್ಕೆ ಮಾದರಿ. ಅಲ್ಲಿ ರಾಷ್ಟ್ರೀಯ ಚಾಂಪಿಯನ್‌ಗೆ ನೇರ ಪ್ರವೇಶ. ಉಳಿದ ಸ್ಥಾನಗಳಿಗೆ ರಾಷ್ಟ್ರೀಯ ಸ್ಪರ್ಧೆಯ ಎರಡು ಮತ್ತು ಮೂರನೆಯವರು, ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಮೇಲೆ ನಿಂತವರು, ವಿಶ್ವ ಶ್ರೇಯಾಂಕದಲ್ಲೂ ಋತುವಿನ ಅಂಕದಲ್ಲೂ ಮುಂದಿರುವವರು ಎಂದು ಒಂದು ಬಳಗವನ್ನು ಮೊದಲೇ ಪ್ರಕಟಿಸುತ್ತಾರೆ, ಅದರೊಳಗಿಂದ ಆರಿಸುತ್ತಾರೆ. ಸ್ಪರ್ಧೆಗೂ ದಾಖಲೆಗೂ ಅಲ್ಲಿ ಜಾಗವಿದೆ.

ಹಿರಿಯರು: ಬಳಗವನ್ನು ಪ್ರಕಟಿಸುತ್ತಾರೆ, ಬಳಗದೊಳಗೆ ಯಾವುದಕ್ಕೆ ಎಷ್ಟು ತೂಕ ಎಂಬುದನ್ನಲ್ಲ. 2013ರ ಡಿಸೆಂಬರ್‌ನಲ್ಲಿ ಜಪಾನಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ತಕಾಹಿಕೊ ಕೊಜುಕ ಮೂರನೆಯವರಾದರು, ಗಾಯದಿಂದ ಬಳಲುತ್ತಿದ್ದ ದೈಸುಕೆ ತಕಾಹಾಶಿ ಐದನೆಯವರಾದರು. ಸೋಚಿಗೆ ಹೋದದ್ದು ತಕಾಹಾಶಿ. ಅಲ್ಲಿ ಅವರು 6ನೆಯವರಾದರು. ಮುಂದಿನ ತಿಂಗಳ ವಿಶ್ವ ಚಾಂಪಿಯನ್‌ಷಿಪ್‌ಗೆ ತಕಾಹಾಶಿ ಬರಲಾಗದಿದ್ದಾಗ ಕೊಜುಕ ಹೋದರು, ಅವರೂ 6ನೆಯವರಾದರು. 2010ರ ಒಲಿಂಪಿಕ್ ಪದಕ ಮತ್ತು ಅದೇ ವರ್ಷದ ವಿಶ್ವ ಪ್ರಶಸ್ತಿ ತಕಾಹಾಶಿ ಅವರ ಪರವಾಗಿ ಮಾತನಾಡಿದವು ಎಂಬುದನ್ನು ಅರಿಯಲು ಯಾವ ಲಿಖಿತ ಸೂತ್ರವೂ ಬೇಕಿಲ್ಲ.

ಕಿರಿಯರು: ಹಾಗಿದ್ದರೆ ಸೂತ್ರವನ್ನೇ ಪೂರ್ತಿ ಯಾಂತ್ರಿಕವಾಗಿಸಿದ ದಕ್ಷಿಣ ಕೊರಿಯಾವನ್ನು ನೋಡಬಹುದು. ಪ್ಯೊಂಗ್‌ಚಾಂಗ್‌ಗೆ ಪುರುಷರ ಏಕೈಕ ಸ್ಥಾನಕ್ಕೆ ಅಲ್ಲಿ ಮೂರು ದೇಶೀಯ ಸ್ಪರ್ಧೆಗಳ ಅಂಕಗಳನ್ನು ಕೂಡಿಸಿದರು. ಸಮಿತಿಯ ವಿವೇಚನೆಗೆ ಜಾಗವಿರಲಿಲ್ಲ. ಎರಡು ಸುತ್ತುಗಳ ನಂತರ 27ಕ್ಕೂ ಹೆಚ್ಚು ಅಂಕ ಹಿಂದಿದ್ದ ಚಾ ಜುನ್-ಹ್ವಾನ್ ಕೊನೆಯ ಸುತ್ತಿನಲ್ಲಿ ಆ ಅಂತರವನ್ನು ದಾಟಿ ಸ್ಥಾನ ಪಡೆದರು, ಒಲಿಂಪಿಕ್ಸ್‌ನಲ್ಲಿ 15ನೆಯವರಾದರು. ಒಂದೇ ದಿನದ ಅದೃಷ್ಟವೂ ಅಲ್ಲ, ಕೋಣೆಯೊಳಗಿನ ತೀರ್ಮಾನವೂ ಅಲ್ಲ.

ಹಿರಿಯರು: ಅಲ್ಲಿ ಹೊರಗುಳಿದ ಲೀ ಜುನ್-ಹ್ಯೊಂಗ್ ಅವರೇ ನೆಬೆಲ್‌ಹಾರ್ನ್ ಟ್ರೋಫಿ ಎಂಬ ಅರ್ಹತಾ ಸ್ಪರ್ಧೆಯಲ್ಲಿ ಸೆಣಸಿ ಆ ಸ್ಥಾನವನ್ನು ದೇಶಕ್ಕೆ ಗಳಿಸಿಕೊಟ್ಟಿದ್ದರು. ಸೂತ್ರ ಅದನ್ನು ಕಾಣಲಿಲ್ಲ. ಆದರೂ ಅದು ಮೊದಲೇ ತಿಳಿದಿದ್ದ ಸೂತ್ರ. ಮೂರು ಸುತ್ತುಗಳ ಆ ವಿಧಾನವನ್ನು ಒಂದೇ ಸ್ಪರ್ಧೆಗಿಂತ ಮೇಲೆಂದು ಒಪ್ಪಲು ಅಡ್ಡಿಯಿಲ್ಲ.

ಕೋಟಾ ಗಳಿಸಿಕೊಟ್ಟವರಿಗೆ ಅದರ ಮೇಲೆ ಯಾವ ಹಕ್ಕು ಇದೆ ಎಂಬ ಪ್ರಶ್ನೆ ಭಾರತದ ಓದುಗರಿಗೆ ಹೊಸದಲ್ಲ. 2015ರ ವಿಶ್ವ ಕುಸ್ತಿಯಲ್ಲಿ ಕಂಚು ಗೆದ್ದು 74 ಕಿಲೋ ವಿಭಾಗದಲ್ಲಿ ರಿಯೊ ಒಲಿಂಪಿಕ್ಸ್‌ಗೆ ಸ್ಥಾನ ತಂದಿದ್ದ ನರಸಿಂಗ್ ಯಾದವ್ ಅವರೊಂದಿಗೆ ಟ್ರಯಲ್ಸ್ ಬೇಕೆಂದು ಎರಡು ಒಲಿಂಪಿಕ್ ಪದಕಗಳ ಸುಶೀಲ್ ಕುಮಾರ್ ದೆಹಲಿ ಹೈಕೋರ್ಟ್‌ಗೆ ಹೋದಾಗ, ನ್ಯಾಯಾಲಯ 2016ರ ಜೂನ್‌ನಲ್ಲಿ ಒಕ್ಕೂಟದ ತೀರ್ಮಾನದಲ್ಲಿ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಸ್ಕೇಟಿಂಗ್‌ನಲ್ಲಿ ಈ ಪ್ರಶ್ನೆಯ ಉತ್ತರ ಇನ್ನೂ ಕಠಿಣವಾಗಿದೆ ಎಂಬುದನ್ನು ಹಿರಿಯರು 2018ರ ಅಮೆರಿಕದ ಆಯ್ಕೆಯಿಂದ ತೋರಿಸಿದರು.

ಹಿರಿಯರು: 2017ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾರೆನ್ ಚೆನ್ 4ನೆಯವರು, ವ್ಯಾಗ್ನರ್ 7ನೆಯವರು. ಮತ್ತೆ 11, ಮತ್ತೆ ಮೂರು ಸ್ಥಾನ. ಪುರುಷರಲ್ಲಿ ನೇಥನ್ ಚೆನ್ 6, ಜೇಸನ್ ಬ್ರೌನ್ 7. ಮೊತ್ತ ಸರಿಯಾಗಿ 13, ಒಂದು ಸ್ಥಾನ ಕೆಳಗಿಳಿದಿದ್ದರೂ ಮೂರನೆಯದು ಹೋಗುತ್ತಿತ್ತು. 2018ರ ಜನವರಿಯಲ್ಲಿ ಸ್ಯಾನ್ ಹೊಸೆಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ವ್ಯಾಗ್ನರ್ ಮತ್ತೆ ನಾಲ್ಕನೆಯವರಾದರು. 2016ರಲ್ಲಿ ವಿಶ್ವ ಬೆಳ್ಳಿ ಗೆದ್ದು ಅಮೆರಿಕದ ಮಹಿಳೆಯರ ಹತ್ತು ವರ್ಷದ ಪದಕಗಳ ಬರವನ್ನು ನೀಗಿಸಿದ್ದ ಅವರನ್ನು ಈ ಬಾರಿ ಕೈಬಿಟ್ಟು ಬ್ರೇಡಿ ಟೆನೆಲ್, ನಗಾಸು, ಕ್ಯಾರೆನ್ ಚೆನ್ ಎಂದು ಫಲಿತಾಂಶದ ಕ್ರಮದಲ್ಲೇ ಹೆಸರಿಸಿದರು. ಮರುದಿನ ಪುರುಷರ ತಂಡದಲ್ಲಿ ಅದೇ ಒಕ್ಕೂಟ ಎರಡನೆಯವರಾದ ರಾಸ್ ಮೈನರ್ ಅವರನ್ನು ಬಿಟ್ಟು ನಾಲ್ಕನೆಯವರಾದ ಆಡಂ ರಿಪ್ಪನ್ ಅವರನ್ನು ಸೇರಿಸಿತು. ಬ್ರೌನ್ ಅವರಿಗೂ ಸ್ಥಾನವಿರಲಿಲ್ಲ. ಮಹಿಳೆಯರಿಗೆ ಸ್ಪರ್ಧೆ, ಪುರುಷರಿಗೆ ದಾಖಲೆ. ಎರಡು ದಿನಗಳಲ್ಲಿ ಎರಡು ನ್ಯಾಯ.

ಕಿರಿಯರು: ಮೇಲ್ನೋಟಕ್ಕೆ ಎರಡು ನ್ಯಾಯ. ಒಳಗೆ ಒಂದೇ ತರ್ಕವಿತ್ತು: ಆ ಋತುವಿನ ದಾಖಲೆ ಅಂತರವನ್ನು ತುಂಬುವಷ್ಟು ದೊಡ್ಡದಿದ್ದರೆ ಮಾತ್ರ ಫಲಿತಾಂಶವನ್ನು ಮೀರಬಹುದು ಎಂಬುದು. ರಿಪ್ಪನ್ ಆ ಋತುವಿನಲ್ಲಿ ಎರಡು ಗ್ರ್ಯಾನ್ ಪ್ರಿ ಸ್ಪರ್ಧೆಗಳಲ್ಲಿ ಬೆಳ್ಳಿ ಗೆದ್ದು ಫೈನಲ್‌ನಲ್ಲಿ 5ನೆಯವರಾಗಿದ್ದರು, ಮೈನರ್ ಅವರಿಗೆ ಅಂಥದ್ದು ಇರಲಿಲ್ಲ. ಮಹಿಳೆಯರ ಕಡೆ ಕ್ಯಾರೆನ್ ಚೆನ್ ಅವರಿಗೂ ಹೆಲ್ಸಿಂಕಿಯ ಬಲವಿತ್ತು. 2022ರ ನ್ಯಾಶ್‌ವಿಲ್ ರಾಷ್ಟ್ರೀಯ ಸ್ಪರ್ಧೆಯ ನಂತರವೂ ಅದೇ ತರ್ಕ ಕೆಲಸ ಮಾಡಿತು: ಎರಡನೆಯವರಾದ 17 ವರ್ಷದ ಇಲ್ಯಾ ಮಲಿನಿನ್ ಅವರಿಗೆ ಹಿರಿಯರ ವಿಭಾಗದ ಅನುಭವ ಅತ್ಯಲ್ಪವೆಂದು ನಾಲ್ಕನೆಯವರಾದ ಬ್ರೌನ್ ಅವರನ್ನು ಕಳುಹಿಸಿದರು, ಅವರು ಬೀಜಿಂಗ್‌ನಲ್ಲಿ 6ನೆಯವರಾದರು. ಮಲಿನಿನ್ ಕೆಲವೇ ತಿಂಗಳಲ್ಲಿ ಯಾರೂ ಮಾಡದಿದ್ದ ನಾಲ್ಕೂವರೆ ಸುತ್ತಿನ ಆಕ್ಸೆಲ್ ಜಿಗಿತ ಮಾಡಿದರು, 2024ರಲ್ಲಿ ವಿಶ್ವ ಚಾಂಪಿಯನ್ ಆದರು. ಅದರಿಂದ 2022ರ ತೀರ್ಮಾನ ತಪ್ಪೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಫಲ ಪ್ರಮಾಣವಲ್ಲವೆಂದು ಈಗಾಗಲೇ ಒಪ್ಪಿಯಾಗಿದೆ.

ಹಿರಿಯರು: ಆ ತರ್ಕ ಇಷ್ಟು ಸ್ಪಷ್ಟವಾಗಿದ್ದರೆ ಅದನ್ನು ಋತು ಆರಂಭವಾಗುವ ಮೊದಲೇ ಅಂಕಗಳ ರೂಪದಲ್ಲಿ ಬರೆದಿಡಲು ಏನು ತೊಂದರೆ? ಎಷ್ಟು ಅಂತರವನ್ನು ಎಷ್ಟು ದಾಖಲೆ ತುಂಬಬಲ್ಲದು ಎಂಬುದನ್ನು ಮೈನರ್ ಸ್ಪರ್ಧೆಗೆ ಇಳಿಯುವ ಮೊದಲು ತಿಳಿದಿದ್ದರೆ, ಎರಡನೆಯವರಾದರೂ ಸಾಲದು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಅಂಕಣದ ಮೇಲೆ ಬೆಳ್ಳಿ ಗೆದ್ದು, ಮರುದಿನದ ಪ್ರಕಟಣೆಯಲ್ಲಿ ತನ್ನ ಹೆಸರಿಲ್ಲದಿರುವುದನ್ನು ಕಾಣುವುದು ಒಬ್ಬ ಕ್ರೀಡಾಪಟುವಿಗೆ ಒಡ್ಡಬಾರದ ಸ್ಥಿತಿ.

ಕಿರಿಯರು: ತೂಕಗಳನ್ನು ಮೊದಲೇ ಪ್ರಕಟಿಸಬೇಕು, ಬಿಟ್ಟವರಿಗೆ ಲಿಖಿತ ಕಾರಣ ಕೊಡಬೇಕು ಎಂಬಷ್ಟನ್ನು ಒಪ್ಪದೆ ಗತ್ಯಂತರವಿಲ್ಲ. ಅಮೆರಿಕದಲ್ಲಿ 2020ರ ಕಾನೂನು ಕ್ರೀಡಾ ಒಕ್ಕೂಟಗಳ ಆಡಳಿತದಲ್ಲಿ ಕ್ರೀಡಾಪಟುಗಳಿಗೆ ಕನಿಷ್ಠ ಮೂರನೆಯ ಒಂದು ಭಾಗದ ಪ್ರಾತಿನಿಧ್ಯ ಕಡ್ಡಾಯ ಮಾಡಿದ ಮೇಲೆ ಇಂಥ ಬೇಡಿಕೆಗೆ ಬಲ ಬರಬೇಕು. ಆದರೂ ಕೆರಿಗನ್ ಅವರಂಥ ಪ್ರಕರಣವನ್ನು ಯಾವ ಕೋಷ್ಟಕವೂ ಮೊದಲೇ ಊಹಿಸಲಾರದು. ಒಂದಿಷ್ಟು ವಿವೇಚನೆಯನ್ನು ಉಳಿಸಿಕೊಳ್ಳದ ನಿಯಮ ಎಂದಾದರೂ ಒಂದು ದಿನ ಕ್ರೂರವಾಗುತ್ತದೆ.

ಹಿರಿಯರು: ಉಳಿಸಿಕೊಂಡ ವಿವೇಚನೆ ಯಾರ ಪರವಾಗಿ ಬಳಕೆಯಾಯಿತು ಎಂಬ ಲೆಕ್ಕವನ್ನೂ ಇಡಬೇಕಾಗುತ್ತದೆ. ನಗಾಸು ಅವರಿಗೆ ನಾಲ್ಕು ವರ್ಷದ ನಂತರ ಇನ್ನೊಂದು ಅವಕಾಶ ಸಿಕ್ಕಿತು. ಪ್ಯೊಂಗ್‌ಚಾಂಗ್‌ನಲ್ಲಿ ಮೂರೂವರೆ ಸುತ್ತಿನ ಆಕ್ಸೆಲ್ ಜಿಗಿತವನ್ನು ಒಲಿಂಪಿಕ್ಸ್‌ನಲ್ಲಿ ಮಾಡಿದ ಮೊದಲ ಅಮೆರಿಕನ್ ಮಹಿಳೆ ಅವರಾದರು. ಎಲ್ಲರಿಗೂ ಹಾಗೆ ಸಿಗುವುದಿಲ್ಲ. 1992ರಲ್ಲಿ ಗಾಯಗೊಂಡಿದ್ದ ಟಾಡ್ ಎಲ್ಡ್ರೆಜ್ ಅವರಿಗೆ ಸ್ಥಾನ ಕೊಡುವ ಸಲುವಾಗಿ, ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರನೆಯವರಾಗಿದ್ದ ಮಾರ್ಕ್ ಮಿಚೆಲ್ ಅವರನ್ನು ಬಿಡಲಾಯಿತು. ಎಲ್ಡ್ರೆಜ್ ಆಲ್ಬರ್ಟ್‌ವಿಲ್‌ನಲ್ಲಿ 10ನೆಯವರಾದರು. ಮಿಚೆಲ್ ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 4ನೆಯವರಾದರು, ಒಲಿಂಪಿಕ್ಸ್‌ಗೆ ಎಂದೂ ಹೋಗಲಿಲ್ಲ.

ಕಿರಿಯರು: ಗಾಯದ ವಿನಾಯಿತಿಯನ್ನು ಒಪ್ಪಿದವರು ಅದರ ಬೆಲೆಯನ್ನೂ ಒಪ್ಪಬೇಕಾಗುತ್ತದೆ. ಮಿಚೆಲ್ ತೆತ್ತದ್ದು ಆ ಬೆಲೆ.

ಹಿರಿಯರು: ಹೌದು, ಅದನ್ನು ತೆರುವವರು ಯಾರೆಂಬುದು ನಿಯಮ ಬರೆಯುವವರಿಗೆ ನೆನಪಿರಬೇಕು. ಮಿಚೆಲ್ ಮುಂದೆ ಬಾಸ್ಟನ್‌ನಲ್ಲಿ ತರಬೇತುದಾರರಾದರು. 2018ರಲ್ಲಿ ಬೆಳ್ಳಿ ಗೆದ್ದೂ ತಂಡದಿಂದ ಹೊರಗುಳಿದ ರಾಸ್ ಮೈನರ್ ಅವರ ಶಿಷ್ಯರು.